‘ಕುಗ್ಗು’: ಕ್ರಮೇಣ ಕಡಿಮೆಯಾಗುವುದರ ಅರ್ಥವಿಚಾರ

ಕಿಟೆಲ್ ಅವರ 1894ರ ನಿಘಂಟಿನಿಂದ ಮೊದಲ್ಗೊಂಡು ನಮ್ಮ ಕೋಶಗಳು ಕ್ರಿಯಾಪದದ ಅರ್ಥಗಳನ್ನು ಪಟ್ಟಿಮಾಡುತ್ತವೆ. ಅದು ಎಂತಹ ಕರ್ತೃವನ್ನು ಬೇಡುತ್ತದೆಂಬುದನ್ನು ವ್ಯವಸ್ಥಿತವಾಗಿ ಹೇಳುವುದಿಲ್ಲ. ‘ಇಳಿ’, ‘ಕುಗ್ಗು’, ‘ಕುಸಿ’ ಮೂರನ್ನೂ ‘ಕಡಿಮೆಯಾಗು’ ಎಂದು ವಿವರಿಸಿದಾಗ ಈ ಕೊರತೆ ಎದ್ದುಕಾಣುತ್ತದೆ. ‘ಜ್ವರ ಇಳಿಯಿತು’, ‘ಶಕ್ತಿ ಕುಗ್ಗಿತು’ ಸಹಜ. ‘ಜ್ವರ ಕುಗ್ಗಿತು’ ಅಸಹಜ. ‘ಇಳಿ’ಯಲ್ಲಿ ಅಳತೆಯೊಂದು ಕೆಳಗೆ ಸರಿಯುತ್ತದೆ, ಮತ್ತೆ ಏರಲೂಬಹುದು; ‘ಕುಗ್ಗು’ವಿನಲ್ಲಿ ಆಶ್ರಯವೇ ಕಿರಿದಾಗುತ್ತದೆ.

ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಗೆ ಹಿನ್ನೀರು ಚಾಚಿರುವ ತುಂಗಭದ್ರಾ ಜಲಾಶಯ ಇದಕ್ಕೆ ನಿದರ್ಶನ. ಅದರ ನೀರಿನ ಮಟ್ಟ ಬೇಸಿಗೆಯಲ್ಲಿ ಇಳಿದು ಮುಂಗಾರಿನಲ್ಲಿ ಏರುತ್ತದೆ. ಆದರೆ ಹೂಳಿನಿಂದಾಗಿ ಸಂಗ್ರಹ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿಯಿಂದ ಸುಮಾರು 105ಕ್ಕೆ ಬಂದಿರುವುದು ಇಳಿತವಲ್ಲ, ಕುಗ್ಗುವಿಕೆ. ಇದನ್ನು ‘ಕುಸಿತ’ವೆನ್ನುವ ವರದಿಭಾಷೆ ಗೋಡೆ ಬೀಳುವ ಹಠಾತ್ತನವನ್ನು ದಶಕಗಳ ಹೂಳಿಗೆ ಆರೋಪಿಸುತ್ತದೆ, ಅದರಿಂದ ಕಾರಣವೂ ಮರೆಯಾಗುತ್ತದೆ.

ಹಾಗೆಂದು ಕ್ರಮಿಕತೆ ‘ಕುಗ್ಗು’ ಧಾತುವಿನಲ್ಲೇ ಅಡಗಿಲ್ಲ: ‘ಬೈಗುಳಕ್ಕೆ ಥಟ್ಟನೆ ಕುಗ್ಗಿದ’ ಎಂಬುದೂ ಸಾಧುವೇ. ಕ್ರಮಿಕತೆಯನ್ನು ಒದಗಿಸುವುದು ‘ಕುಗ್ಗುತ್ತ ಬಂದಿದೆ’ ಎಂಬಲ್ಲಿನ ‘ಬರು’ ಸಹಾಯಕ ಕ್ರಿಯೆ. ಆದ್ದರಿಂದ ಕೋಶದ ನಮೂದು ಸಮಾನಾರ್ಥಕಗಳೊಂದಿಗೆ ಕರ್ತೃವಿನ ವರ್ಗವನ್ನೂ ಸಹಾಯಕ ಕ್ರಿಯೆಯನ್ನೂ ದಾಖಲಿಸಬೇಕು. ಇಲ್ಲವಾದರೆ ಮರಳಿ ಏರುವ ನೀರಿಗೂ ಮರಳದ ಸಾಮರ್ಥ್ಯಕ್ಕೂ ನಮ್ಮ ನಿಘಂಟಿನಲ್ಲಿ ಒಂದೇ ಅರ್ಥ ಉಳಿಯುತ್ತದೆ.