ದುರ್ಗೇಶನಂದಿನಿಯಲ್ಲಿ ವ್ರಣವೂ ಪ್ರಣಯವೂ

ಐತಿಹಾಸಿಕ ಪ್ರಣಯಕಥೆಗಳನ್ನು ಓದುವವರಿಗೆ ಒಂದು ಸಂಗತಿ ಬಹು ಪರಿಚಿತವಾದುದು. ಯುದ್ಧ, ಸೆರೆ, ಪಿತೃವಧೆ ಮೊದಲಾದ ಘೋರಗಳು ಕಥೆಯ ಪೂರ್ವಾರ್ಧದಲ್ಲಿ ನಡೆದುಹೋಗುವುವು. ಉತ್ತರಾರ್ಧದಲ್ಲಿ ನಾಯಕನು ಬಂದು ನಾಯಿಕೆಯ ಕೈ ಹಿಡಿಯುವನು. ಅಲ್ಲಿಗೆ ಹಿಂದಿನ ನೋವೆಲ್ಲ ಬೆಳಗಿನ ಮಂಜಿನಂತೆ ಕರಗಿತೆಂದು ಗ್ರಂಥಕರ್ತನು ನಮ್ಮನ್ನು ನಂಬಿಸುವನು. ಪ್ರೇಮವು ನೊಂದ ಜೀವವನ್ನು ಚೇತರಿಸಬಲ್ಲುದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಅದು ಏನು ಮಾಡಿ ಚೇತರಿಸುವುದು ಎಂಬ ಪ್ರಶ್ನೆಯನ್ನು ಇಂತಹ ಕಥೆಗಳಿಗೆ ಹಾಕುವವರು ವಿರಳ. ಆ ಪ್ರಶ್ನೆಯನ್ನು ಬಂಕಿಮಚಂದ್ರರ ‘ದುರ್ಗೇಶನಂದಿನಿ’ಗೆ ಹಾಕಿ ನೋಡುವುದೇ ಈ ಲೇಖನದ ಉದ್ದೇಶ.

ಈ ಗ್ರಂಥವು ವಂಗಭಾಷೆಯಲ್ಲಿ 1865ರಲ್ಲಿ ಹೊರಬಂದಿತು. ಬಿ. ವೆಂಕಟಾಚಾರ್ಯರು ಇದನ್ನು 1885ರಲ್ಲಿಯೇ ಕನ್ನಡಕ್ಕೆ ತಂದರು. ನಮ್ಮ ಮನೆಗಳ ಹೆಂಗಸರು ಮಧ್ಯಾಹ್ನದ ಬಿಡುವಿನಲ್ಲಿ ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ಅಭ್ಯಾಸಕ್ಕೆ ಆಚಾರ್ಯರ ಭಾಷಾಂತರಗಳು ಬಹುಮಟ್ಟಿಗೆ ಕಾರಣವೆಂದರೆ ಹೆಚ್ಚಿನ ಮಾತಾಗದು. ಆದಕಾರಣ ಇದು ಪರದೇಶದ ಪುಸ್ತಕವೆಂದು ನಾವು ದೂರ ನಿಂತು ತೂಗಬೇಕಾಗಿಲ್ಲ.

ತೂಗುವುದಕ್ಕೆ ಒಂದು ತಕ್ಕಡಿ ಬೇಕಷ್ಟೆ. ಅದನ್ನು ನಾನು ವೈದ್ಯಶಾಸ್ತ್ರದಿಂದ ಎರವಲು ತರುವೆನು. ಸುಶ್ರುತಾಚಾರ್ಯರ ತಂತ್ರದಲ್ಲಿ ವ್ರಣಚಿಕಿತ್ಸೆಗೆ ಶೋಧನವೆಂದೂ ರೋಪಣವೆಂದೂ ಎರಡು ಮುಖ್ಯ ಕ್ರಮಗಳಿವೆ. ಒಳಗೆ ಉಳಿದಿರುವ ಮುಳ್ಳು, ಬಾಣದ ಮೊನೆ, ಕೀವು ಇವನ್ನು ತೆಗೆದು ತೊಳೆಯುವುದು ಶೋಧನ. ಆ ಮೇಲೆ ಮಾಂಸ ಕೂಡುವಂತೆ ಮಾಡುವುದು ರೋಪಣ. ಶಲ್ಯವು ಒಳಗಿರುವಾಗಲೇ ಮೇಲೆ ಲೇಪ ಹಚ್ಚಿದರೆ ಚರ್ಮ ಕೂಡಬಹುದು, ಗಾಯ ಮಾಯದು. ಮನೋವ್ರಣಕ್ಕೂ ಇದೇ ನ್ಯಾಯವೆಂದು ಈ ಕಾಲದ ಮನೋವೈದ್ಯರೂ ಒಪ್ಪುವಂತೆ ತೋರುವುದು. ಅಮೆರಿಕದ ಜ್ಯೂಡಿತ್ ಹರ್ಮನ್ ಎಂಬ ವಿದುಷಿಯು 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಘಾತ ಹೊಂದಿದವರು ಮೊದಲು ನಿರ್ಭಯವಾದ ನೆಲೆಯನ್ನು ಕಂಡು, ಬಳಿಕ ನಡೆದುದನ್ನು ನೆನೆದು ಹೇಳಿ ಅತ್ತು, ಅನಂತರವೇ ಜನರೊಡನೆ ಮತ್ತೆ ಬೆರೆಯುವರೆಂದು ಕ್ರಮವನ್ನು ಹೇಳಿರುವಳು. ನಡುವಣ ಮೆಟ್ಟಿಲನ್ನು ಹಾರಿ ದಾಟುವಂತಿಲ್ಲ.

ಈಗ ಕಥೆಗೆ ಬರುವೆವು. ಮಾನಸಿಂಹನ ಮಗ ಜಗತ್ಸಿಂಹನು ಬಿರುಗಾಳಿಯ ರಾತ್ರಿ ಶೈಲೇಶ್ವರನ ಗುಡಿಯಲ್ಲಿ ಮಾಂದಾರಣ ದುರ್ಗಾಧಿಪತಿಯ ಮಗಳು ತಿಲೋತ್ತಮೆಯನ್ನು ಕಂಡು ಮೋಹಿಸುವನು. ಪಠಾಣರು ದುರ್ಗವನ್ನು ಹಿಡಿಯುವರು. ಜಗತ್ಸಿಂಹನು ಗಾಯಗೊಂಡು ಸೆರೆಯಾಗುವನು. ತಂದೆ ವೀರೇಂದ್ರಸಿಂಹನ ಶಿರಚ್ಛೇದವಾಗುವುದು. ತಿಲೋತ್ತಮೆಯೂ ಮಲತಾಯಿ ವಿಮಲೆಯೂ ಕತಲು ಖಾನನ ಅಂತಃಪುರಕ್ಕೆ ಸೇರುವರು. ಹದಿಹರೆಯದ ಹುಡುಗಿಗೆ ಇಷ್ಟು ಸಾಲದೆ? ಆದರೆ ಅವಳನ್ನು ಮರಣದ ಬಾಗಿಲಿಗೆ ತಳ್ಳಿದ ಶಲ್ಯವು ಇವುಗಳಲ್ಲಿ ಯಾವುದೂ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹೊರಗೆ ಹೋಗಲು ಅನುಕೂಲವಾದ ಮುದ್ರೆಯುಂಗುರವು ಕೈಗೆ ಬಂದಿರುವಾಗ, ಅವಳು ತಪ್ಪಿಸಿಕೊಂಡು ಹೋಗದೆ ಜಗತ್ಸಿಂಹನ ಸೆರೆಮನೆಗೇ ಹೋಗುವಳು. ಅಂತಃಪುರದಲ್ಲಿದ್ದವಳೆಂಬ ಶಂಕೆಯಿಂದ ಅವನು ಹೆಸರು ಹಿಡಿದು ಕರೆಯದೆ, ವೀರೇಂದ್ರಸಿಂಹನ ಮಗಳೆಂದು ಪರಕೀಯಳನ್ನು ಕರೆಯುವಂತೆ ಕರೆದು, ಇಲ್ಲಿಗೇಕೆ ಬಂದೆಯೆಂದು ಕೇಳುವನು. ಅವಳು ಮೂರ್ಛೆಹೋಗುವಳು. ಶತ್ರುವಿನ ಕತ್ತಿಯು ಮಾಡದ ಕೆಲಸವನ್ನು ಪ್ರಿಯನ ಒಂದು ಪ್ರಶ್ನೆಯು ಮಾಡಿತು.

ಆ ಶಂಕೆ ಹೇಗೆ ತೀರಿತು? ತಿಲೋತ್ತಮೆಯನ್ನು ಕೇಳಿ ತೀರಲಿಲ್ಲ. ವಿಮಲೆಯ ಕಠಾರಿಗೆ ಸಿಕ್ಕಿ ಸಾಯುತ್ತಿರುವ ಕತಲು ಖಾನನು, ಆ ಹುಡುಗಿಯು ಪರಿಶುದ್ಧಳೆಂದು ನುಡಿದ ಮೇಲೆ ತೀರಿತು. ಅಪಹರಿಸಿದವನ ಸಾಕ್ಷ್ಯಕ್ಕೆ ಇರುವ ಬೆಲೆ ಅಪಹೃತೆಯ ಮಾತಿಗೆ ಇಲ್ಲ! ಬಂಕಿಮಚಂದ್ರರು ಇದನ್ನು ದೂಷಣೆಯಾಗಿ ಹೇಳಲಿಲ್ಲ, ಕಥೆಯ ಚಾತುರ್ಯವಾಗಿ ಹೇಳಿದರು. ಗ್ರಂಥ ಹೊರಟಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು.

ಮುಂದೆ ತಿಲೋತ್ತಮೆಯು ಹಾಸಿಗೆ ಹಿಡಿದು ಆರಲಿರುವ ದೀಪದಂತೆ ಕ್ಷೀಣಿಸುವಳು. ಅಭಿರಾಮಸ್ವಾಮಿಯ ಓಲೆಯನ್ನು ಕಂಡು ಜಗತ್ಸಿಂಹನು ಬರುವನು. ಅವಳ ನೋಟದಲ್ಲಿ ನಿಷ್ಠುರವಿಲ್ಲದುದನ್ನು ಕಂಡು ಕಾಲಬಳಿ ಬಿದ್ದು ಮೌನವಾಗಿ ಅಳುವನು. ಅಂದಿನಿಂದ ಅವಳು ದಿನೇ ದಿನೇ ಚೇತರಿಸಿಕೊಳ್ಳುವಳು. ಈ ಸನ್ನಿವೇಶವು ಬಹು ಮನೋಹರವಾಗಿದೆ, ಓದುವಾಗ ಕಣ್ಣು ತೇವವಾಗದಿರದು. ಆದರೂ ನಮ್ಮ ತಕ್ಕಡಿಯನ್ನು ಹಿಡಿದರೆ, ಇಲ್ಲಿ ಕಣ್ಣೀರಿದೆ, ಮಾತಿಲ್ಲ. ‘ನಿನ್ನನ್ನು ಶಂಕಿಸಿದೆನು, ಅದು ಅನ್ಯಾಯ’ ಎಂಬೆರಡು ಪದಗಳನ್ನು ಆಡಿಸುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ಗ್ರಂಥದಲ್ಲಿ ಇನ್ನೊಂದಿಲ್ಲ. ರೋಪಣವಾಯಿತು, ಶೋಧನವು ಅರ್ಧದಲ್ಲಿ ನಿಂತಿತು.

ಮಾತಿಗೆ ಅಷ್ಟು ಮಹತ್ವವೇಕೆಂದು ಕೇಳುವವರು ಭವಭೂತಿಯ ಉತ್ತರರಾಮಚರಿತದ ಮೂರನೆಯ ಅಂಕವನ್ನು ತೆರೆದು ನೋಡಬೇಕು. ಪರಿತ್ಯಾಗವಾಗಿ ಹನ್ನೆರಡು ವರ್ಷಗಳು ಕಳೆದಿವೆ. ಭಾಗೀರಥಿಯ ಅನುಗ್ರಹದಿಂದ ಸೀತೆಯು ಯಾರ ಕಣ್ಣಿಗೂ ಕಾಣದೆ ತಮಸೆಯೊಡನೆ ಪಂಚವಟಿಯಲ್ಲಿ ನಿಂತಿರುವಳು. ರಾಮನು ಹಳೆಯ ತಾಣಗಳನ್ನು ಕಂಡು ಮೂರ್ಛೆಹೋಗುವನು. ಅದೃಶ್ಯಳಾದ ಸೀತೆಯ ಕರಸ್ಪರ್ಶದಿಂದ ಎಚ್ಚರಗೊಳ್ಳುವನು. ಈ ಸ್ಪರ್ಶವನ್ನೇ ಎಲ್ಲರೂ ಹೊಗಳುವರು. ನನಗೆ ಅದಕ್ಕಿಂತ ಹಿರಿದಾಗಿ ತೋರುವುದು ವನದೇವತೆ ವಾಸಂತಿಯ ಪಾತ್ರ. ಅವಳು ರಾಮನಿಗೆ ದಾಕ್ಷಿಣ್ಯ ತೋರುವುದಿಲ್ಲ. ಇದನ್ನು ಹೇಗೆ ಮಾಡಿದೆಯೆಂದು ಮುಖದ ಮೇಲೆಯೇ ಕೇಳುವಳು. ರಾಮನು ಮರೆಮಾಚದೆ ಗೋಳಾಡುವನು. ಕೊನೆಗೆ, ಅಶ್ವಮೇಧದಲ್ಲಿ ತನಗೆ ಸಹಧರ್ಮಚಾರಿಣಿಯಾಗಿರುವುದು ಸೀತೆಯ ಹೊನ್ನಿನ ಪ್ರತಿಮೆಯೇ ಎಂದು ಅವನ ಬಾಯಿಂದ ಬಂದಾಗ, ಪರಿತ್ಯಾಗದ ನಾಚಿಕೆಯೆಂಬ ಶಲ್ಯವು ತನ್ನೊಳಗಿಂದ ಕಿತ್ತುಬಂದಿತೆಂದು ಸೀತೆಯು ಕಣ್ಣೀರಿನೊಡನೆ ಹೇಳಿಕೊಳ್ಳುವಳು. ಶಲ್ಯವೆಂಬ ಶಬ್ದವನ್ನೇ ಕವಿಯು ಪ್ರಯೋಗಿಸಿರುವನು! ಮುಳ್ಳನ್ನು ತೆಗೆದುದು ಸ್ಪರ್ಶವಲ್ಲ, ಶ್ರವಣ. ನೋಯಿಸಿದವನು ತಾನು ಮಾಡಿದುದನ್ನು ನುಡಿದನು. ನೊಂದವಳು ಅದನ್ನು ಕೇಳಿದಳು. ಕೇಳುವವಳು ಇರುವಳೆಂದು ತಿಳಿಯದೆ ಆಡಿದುದರಿಂದ ಅದು ಅವಳನ್ನು ಒಲಿಸಿಕೊಳ್ಳಲು ಆಡಿದ ಮಾತಲ್ಲವೆಂಬುದೂ ಸ್ಪಷ್ಟವಾಯಿತು. ಅವಳನ್ನು ಕಾಡಿಗೆ ಕಳುಹಿಸಿದುದು ಇದರಿಂದ ಧರ್ಮವಾಯಿತೆಂದು ನಾನು ಹೇಳುವುದಿಲ್ಲ.

ಇದಕ್ಕೆ ಸಹೃದಯರಾದ ಕೆಲವರು ಆಕ್ಷೇಪಿಸಬಹುದು: ಪ್ರಣಯಕಥೆಯು ನಾಟಕವಲ್ಲ, ವೈದ್ಯಗ್ರಂಥವಂತೂ ಅಲ್ಲ, ಬೇಸರ ಕಳೆಯಲು ಓದುವವರಿಗೆ ಮಂಗಳಾಂತವನ್ನು ಕೊಡುವುದು ಅದರ ಹಕ್ಕು ಎಂದು. ಮಂಗಳವನ್ನು ಯಾರು ಬೇಡವೆಂದರು? ತಿಲೋತ್ತಮೆಯು ಬದುಕಿದುದು ನನಗೂ ಸಂತೋಷವೇ. ಆದರೆ ಈ ಕಥೆಗಳನ್ನು ಓದುವ ಹೆಣ್ಣುಮಕ್ಕಳಲ್ಲಿ, ಕೇಳಬೇಕಾದ ಒಂದು ಮಾತನ್ನು ಜೀವಮಾನವೆಲ್ಲ ಕೇಳದೆ ಹೋದವರೂ ಇರುವರು. ಅವನು ಬಂದನಲ್ಲ, ಅತ್ತನಲ್ಲ, ಇನ್ನೇನು ಎಂದು ಅವರಿಗೆ ಕಥೆಯು ಹೇಳಿದರೆ, ಮನೆಯ ಹಿರಿಯರು ಹೇಳುವುದನ್ನೇ ಅದೂ ಹೇಳಿದಂತಾಯಿತು.

ಬಂಕಿಮಚಂದ್ರರಿಗೆ ನ್ಯಾಯ ಸಲ್ಲಬೇಕಾದರೆ ಆಯೇಷೆಯ ಮಾತನ್ನು ಎತ್ತಬೇಕು. ಈ ಗ್ರಂಥದಲ್ಲಿ ನಿಜವಾದ ವೈದ್ಯಳು ಅವಳೊಬ್ಬಳೇ. ಶತ್ರುಪಕ್ಷದ ನವಾಬನ ಮಗಳಾಗಿ, ಗಾಯಗೊಂಡ ಜಗತ್ಸಿಂಹನ ಹಾಸಿಗೆಯ ಪಕ್ಕದಲ್ಲಿ ಕುಳಿತು ಉಪಚರಿಸುವಳು. ಅದೇ ಸೆರೆಮನೆಯಲ್ಲಿ ಮೂರ್ಛಿತಳಾದ ತಿಲೋತ್ತಮೆಯನ್ನು ಎತ್ತಿಕೊಂಡು ಹೋಗಿ ಕಾಪಾಡುವವಳೂ ಅವಳೇ. ಉಸ್ಮಾನನು ಹಂಗಿಸಿದಾಗ, ಈ ಬಂದಿಯೇ ನನ್ನ ಪ್ರಾಣೇಶ್ವರನೆಂದು ಅಂಜದೆ ಸಾರುವಳು. ಗ್ರಂಥದಲ್ಲಿ ಮನಸ್ಸಿನಲ್ಲಿರುವುದನ್ನು ಹೀಗೆ ಮಾತಿಗೆ ತಂದವರು ಬೇರೆ ಯಾರು? ಸ್ಕಾಟ್ಲೆಂಡಿನ ಕಾದಂಬರಿಕಾರ ಸ್ಕಾಟನ ‘ಐವನ್‌ಹೋ’ದಲ್ಲಿ ಯೆಹೂದ್ಯ ಕನ್ಯೆ ರೆಬೆಕ್ಕಳೂ ಗಾಯಾಳು ನಾಯಕನನ್ನು ಬದುಕಿಸಿ, ಅವನು ವರಿಸಿದವಳಿಗೆ ತನ್ನ ಆಭರಣಗಳನ್ನು ಕೊಟ್ಟು ದೇಶಾಂತರಕ್ಕೆ ಹೊರಡುವಳು. ಈ ಸಾದೃಶ್ಯದ ವಿಷಯವಾಗಿ ವಿಮರ್ಶಕರು ಬಹಳ ವಾದಿಸಿರುವರು. ಬಂಕಿಮರು ತಾವು ಮೊದಲು ಅದನ್ನು ಓದಿರಲಿಲ್ಲವೆಂದರು. ಅದು ಹೇಗಾದರೂ ಇರಲಿ. ಪರಮತದ ಹೆಣ್ಣಿನಿಂದ ಗುಣಪಡಿಸಿಕೊಂಡು ಸ್ವಮತದ ಹೆಣ್ಣನ್ನು ವರಿಸುವುದು ಇಂತಹ ಕಥೆಗಳಿಗೆ ಒಗ್ಗಿಹೋದ ಮಾರ್ಗವೆಂದು ಮಾತ್ರ ಎರಡರಿಂದಲೂ ತೋರುವುದು. ಗುಣಪಡಿಸಿದವಳ ಗಾಯಕ್ಕೆ ಯಾರೂ ಇಲ್ಲ.

ವಿಮಲೆಯದು ಬೇರೆಯ ದಾರಿ. ಇತಿಹಾಸದಲ್ಲಿ ಕತಲು ಖಾನನು 1590ರಲ್ಲಿ ರೋಗದಿಂದ ಸತ್ತನು. ಕಾದಂಬರಿಕಾರನು ಚರಿತ್ರೆಯ ಕೈಯಿಂದ ಆ ಮರಣವನ್ನು ಕಸಿದು ವಿಧವೆಯ ಕಠಾರಿಗೆ ಕೊಟ್ಟನು. ಪ್ರೇಮದಿಂದ ಮಾಯದ ನೋವೂ ಉಂಟೆಂದು ಅವನಿಗೆ ತಿಳಿದಿತ್ತೆಂಬುದಕ್ಕೆ ಇದೇ ಸಾಕ್ಷಿ.

ಅಂತ್ಯವನ್ನು ಇನ್ನೊಮ್ಮೆ ನಿಧಾನವಾಗಿ ಓದಬೇಕು. ವಿವಾಹಕ್ಕೆ ಬಂದ ಆಯೇಷೆಯು ತನ್ನ ಒಡವೆಗಳನ್ನು ತಿಲೋತ್ತಮೆಗೆ ತೊಡಿಸಿ ಮರಳುವಳು. ರಾತ್ರಿ ಒಬ್ಬಳೇ ಇರುವಾಗ, ವಿಷವನ್ನು ಅಡಗಿಸಿದ ಉಂಗುರವನ್ನು ಬೆರಳಿನಿಂದ ತೆಗೆಯುವಳು. ಕುಡಿದರೆ ಎಲ್ಲ ದಾಹವೂ ಆರುವುದೆಂದು ಯೋಚಿಸುವಳು. ಬಳಿಕ ಇಂತಹ ಪ್ರಲೋಭನವನ್ನು ಹತ್ತಿರ ಇಟ್ಟುಕೊಳ್ಳುವುದೇ ತರವಲ್ಲವೆಂದು ನಿಶ್ಚಯಿಸುವಳು. ಗ್ರಂಥದ ಕೊನೆಯ ವಾಕ್ಯವು ಮದುವೆಯ ವಾದ್ಯಗಳದಲ್ಲ. ಆ ಉಂಗುರವು ಕೋಟೆಯ ಕಂದಕದ ನೀರಿಗೆ ಬಿದ್ದುದು.