ಅಡಗಿದ ಕಣ ಮತ್ತು ಶೋಧಕದ ಆಯ್ಕೆ

ಜಿನೀವಾದ ಬಳಿಯ ಸರ್ನ್ ಸಂಸ್ಥೆಯ ಲಾರ್ಜ್ ಹೇಡ್ರಾನ್ ಕೊಲೈಡರಿನಲ್ಲಿ ಗುಪ್ತಕಣಗಳು ಕಂಡುಬಂದಿಲ್ಲವೆಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಅಲ್ಲಿ ಪ್ರೋಟಾನ್ ಗುಚ್ಛಗಳು ಸೆಕೆಂಡಿಗೆ ಸುಮಾರು 4 ಕೋಟಿ ಬಾರಿ ಸಂಧಿಸುವಂತೆ ಯಂತ್ರವನ್ನು ರಚಿಸಲಾಗಿದೆ. ಸಿ.ಎಂ.ಎಸ್. ಶೋಧಕದ ಮೊದಲ ಹಂತದ ಟ್ರಿಗರ್ ವಿದ್ಯುನ್ಮಂಡಲವು ಸುಮಾರು 4 ಮೈಕ್ರೋಸೆಕೆಂಡುಗಳಲ್ಲಿ ತೀರ್ಪಿತ್ತು, ಅವುಗಳಲ್ಲಿ ಸುಮಾರು 1 ಲಕ್ಷವನ್ನು ಮಾತ್ರ ಮುಂದಕ್ಕೆ ಬಿಟ್ಟಿತು. ಉಳಿದುದು ಮರಳಿ ದೊರೆಯದಂತೆ ಅಳಿಯಿತು. ಎಲ್ಲವನ್ನೂ ಸಂಗ್ರಹಿಸುವುದು ಅಸಾಧ್ಯವಾದುದರಿಂದ ಆಯ್ಕೆ ಅನಿವಾರ್ಯವೇ. ನಮ್ಮ ಆಕ್ಷೇಪವಿರುವುದು ಅದರ ಒರೆಗಲ್ಲಿನ ಬಗೆಗೆ. ಸಂಘಟ್ಟನೆಯ ಕೇಂದ್ರದಿಂದ ಒಡನೆಯೇ ಹೊಮ್ಮುವ ಕಣಗಳನ್ನೇ ಆ ಮಂಡಲವು ಮುಖ್ಯವಾಗಿ ನಿರೀಕ್ಷಿಸಿತು. ದೀರ್ಘಾಯುವಾದ ಗುಪ್ತಕಣವಾದರೋ ಕೆಲವು ಮೀಟರುಗಳಷ್ಟು ಸಾಗಿದ ಬಳಿಕ ಕ್ಷಯಿಸಬಹುದು. ತಡವಾಗಿ ಬಂದ ಅದರ ಸಂಕೇತ ತ್ಯಾಜ್ಯವಾಗಬಹುದು.

2022ರಲ್ಲಿ ಮೊದಲಾದ ಮೂರನೆಯ ಅವಧಿಯಲ್ಲಿ ಹೇಡ್ರಾನ್ ಕ್ಯಾಲೊರಿಮೀಟರಿನ ನವೀನ ಮಂಡಲವು ಸಂಕೇತದ ಕಾಲವನ್ನೂ ಆಳವನ್ನೂ ಟ್ರಿಗರಿಗೆ ಒದಗಿಸಿದುದು ಈ ಕೊರತೆಯ ಅಂಗೀಕಾರವೇ ಸರಿ. ಮುಂದೆ ಕಣಪಥಗಳನ್ನೂ ಪರಿಗಣಿಸಿ, ತೀರ್ಪಿನ ಅವಕಾಶವನ್ನು 12.5 ಮೈಕ್ರೋಸೆಕೆಂಡಿಗೆ ಏರಿಸುವ ಯೋಜನೆಯಿದೆ. ಆ ಪಥಶೋಧವೂ ಕೇಂದ್ರದಿಂದ ಹೊರಟ ಪಥಗಳನ್ನಷ್ಟೇ ಅರಸಿದರೆ, ಹಳೆಯ ಪೂರ್ವಗ್ರಹವೇ ಹೊಸ ವೇಷ ತೊಟ್ಟಂತಾದೀತು. ಆದುದರಿಂದ ‘ಕಾಣಲಿಲ್ಲ’ ಎಂಬ ಫಲಿತಾಂಶವನ್ನು ಓದುವ ವಿದ್ಯಾರ್ಥಿಯು, ‘ಯಾವುದನ್ನು ನೋಡಲೇ ಇಲ್ಲ?’ ಎಂದೂ ಕೇಳತಕ್ಕದ್ದು.