ಉಪಗ್ರಹಮಾರ್ಗ ಮತ್ತು ಸ್ವೀಕೃತಿಯ ಪ್ರಾಮಾಣ್ಯ

ಅಂತರಜಾಲದ ನಿಯಮಗಳನ್ನು ನಿರೂಪಿಸುವ ವಿದ್ವಾಂಸರು ತಮ್ಮ ನಿರ್ಣಯಗಳನ್ನು ಆರ್.ಎಫ್.ಸಿ. ಎಂಬ ಹೆಸರಿನ ಪ್ರಬಂಧಮಾಲೆಯಲ್ಲಿ ಪ್ರಕಟಿಸುತ್ತ ಬಂದಿರುವರು. ೧೯೯೯ರ ಜನವರಿಯಲ್ಲಿ ಮಾರ್ಕ್ ಆಲ್ಮನ್, ಡಾನ್ ಗ್ಲೋವರ್, ಲೂಯಿಸ್ ಸ್ಯಾಂಚೆಜ್ ಎಂಬವರು ಬರೆದ ೨೪೮೮ನೆಯ ಪ್ರಬಂಧವೂ, ೨೦೦೧ರ ಜೂನಿನಲ್ಲಿ ಜಾನ್ ಬಾರ್ಡರ್ ಮೊದಲಾದ ಐವರು ಬರೆದ ೩೧೩೫ನೆಯದೂ ಉಪಗ್ರಹಮಾರ್ಗದ ಮಂದಗತಿಗೆ ಎರಡು ಬಗೆಯ ಪರಿಹಾರಗಳನ್ನು ಹೇಳುತ್ತವೆ. ಇವುಗಳ ತಾರತಮ್ಯವನ್ನು ಇಲ್ಲಿ ವಿವೇಚಿಸಬೇಕಾಗಿದೆ.

ಭೂಸ್ಥಿರ ಉಪಗ್ರಹವು ಸಮಭಾಜಕವೃತ್ತದ ಮೇಲೆ ಸುಮಾರು ೩೫,೭೮೬ ಕಿಲೋಮೀಟರು ಎತ್ತರದಲ್ಲಿರುವುದು. ಬೆಳಕಿನ ವೇಗದಿಂದ ಸಾಗಿದರೂ ಸಂದೇಶವು ಮೇಲೇರಿ ಕೆಳಗಿಳಿಯಲು ಸುಮಾರು ಕಾಲು ಸೆಕೆಂಡು ಬೇಕು. ಉತ್ತರವು ಮರಳಲು ಮತ್ತೆ ಅಷ್ಟೇ ಬೇಕು. ಇದು ಪ್ರಕೃತಿನಿಯಮವಾದುದರಿಂದ ಯಾವ ಯಂತ್ರಕೌಶಲಕ್ಕೂ ಮಣಿಯದು. ಇನ್ನು ಟಿ.ಸಿ.ಪಿ. ಎಂಬ ಸಾಗಣೆಯ ನಿಯಮವು ಸ್ವೀಕೃತಿಯನ್ನೇ ಆಧಾರವಾಗಿ ಉಳ್ಳದ್ದು. ೧೯೮೧ರ ನಿರೂಪಣೆಯಂತೆ, ಸ್ವೀಕೃತಿ ಬಾರದೆ ಕಳುಹಿಸಬಹುದಾದ ಮೊತ್ತಕ್ಕೆ ೬೫,೫೩೫ ಬೈಟುಗಳೇ ಎಲ್ಲೆ. ಹೋಗಿ ಬರುವ ಕಾಲವು ೫೬೦ ಮಿಲಿಸೆಕೆಂಡಾದರೆ, ಸೆಕೆಂಡಿಗೆ ಸುಮಾರು ೧,೧೭,೦೦೦ ಬೈಟುಗಳಿಗಿಂತ ಹೆಚ್ಚು ಸಾಗದು. ಮಾರ್ಗವು ಎಷ್ಟೇ ವಿಶಾಲವಾಗಿದ್ದರೂ ಉಳಿದ ಭಾಗವು ಬರಿದಾಗಿಯೇ ಇರುವುದು. ಇದರ ಮೇಲೆ, ಪೊಟ್ಟಣವೊಂದು ಕಳೆದುಹೋದರೆ ಟಿ.ಸಿ.ಪಿ.ಯು ಅದನ್ನು ದಟ್ಟಣೆಯ ಲಕ್ಷಣವೆಂದೆಣಿಸಿ ತನ್ನ ವೇಗವನ್ನು ತಗ್ಗಿಸುತ್ತದೆ. ಕಳೆದುದಕ್ಕೆ ಆಕಾಶಮಾರ್ಗದ ಕ್ಷೋಭೆ ಕಾರಣವಾಗಿದ್ದರೂ ಅದಕ್ಕೆ ಆ ಭೇದವು ತಿಳಿಯದು.

೨೪೮೮ನೆಯ ಪ್ರಬಂಧದ ಗುಣವು ಅದರ ಸಂಯಮದಲ್ಲಿದೆ. ೧೯೯೨ರಲ್ಲಿ ವಿಧಿಸಲ್ಪಟ್ಟ ಮಾಪನಕ್ರಮದಿಂದ ಮೇಲಣ ಎಲ್ಲೆಯನ್ನು ಸುಮಾರು ೧೦೭ ಕೋಟಿ ಬೈಟುಗಳ ವರೆಗೆ ಹಿಗ್ಗಿಸಬಹುದು. ೧೯೯೬ರ ಕ್ರಮದಿಂದ ಯಾವ ಭಾಗಗಳು ಬಂದು ಸೇರಿದುವೆಂದು ಬಿಡಿಬಿಡಿಯಾಗಿ ತಿಳಿಸಬಹುದು. ದೋಷನಿವಾರಕ ಸಂಕೇತಗಳಿಂದ ಕ್ಷೋಭೆಯ ನಷ್ಟವನ್ನು ಮಾರ್ಗದಲ್ಲಿಯೇ ಕಡಮೆಮಾಡಬಹುದು. ಲೇಖಕರು ಹೊಸತನ್ನು ಕಲ್ಪಿಸದೆ, ಆಗಲೇ ಅಂಗೀಕೃತವಾದ ಇಂತಹ ಉಪಾಯಗಳನ್ನು ಒಂದೆಡೆ ಕೂಡಿಸಿರುವರು. ಸ್ವೀಕೃತಿಯ ಅರ್ಥವು ಎಲ್ಲಿಯೂ ಕೆಡುವುದಿಲ್ಲ.

ಆದರೆ ಈ ಸಂಯಮವೇ ಒಂದು ಕೊರತೆಗೂ ಕಾರಣವಾಗಿದೆ. ಆ ಪ್ರಬಂಧದ ಕಾಲದಲ್ಲಿ ಟಿ.ಸಿ.ಪಿ.ಯು ಆರಂಭದಲ್ಲಿ ಒಂದೇ ಪೊಟ್ಟಣವನ್ನು ಕಳುಹಿಸಿ, ಸ್ವೀಕೃತಿ ಬಂದಂತೆಲ್ಲ ಮೊತ್ತವನ್ನು ಇಮ್ಮಡಿಸುತ್ತ ಹೋಗುತ್ತಿತ್ತು. ಇಪ್ಪತ್ತು ಪೊಟ್ಟಣಗಳ ಸಣ್ಣ ಸಂದೇಶಕ್ಕೆ ಐದು ಸುತ್ತುಗಳು, ಎಂದರೆ ೨.೮ ಸೆಕೆಂಡುಗಳು ಬೇಕಾಗುತ್ತಿದ್ದುವು. ಎಲ್ಲೆಯನ್ನು ಎಷ್ಟು ಹಿಗ್ಗಿಸಿದರೂ ಈ ಸಂದೇಶಕ್ಕೆ ಪ್ರಯೋಜನವಿಲ್ಲ. ಅದು ಎಲ್ಲೆಯನ್ನು ಮುಟ್ಟುವ ಮೊದಲೇ ಮುಗಿಯುವುದು. ಹತ್ತು ಪೊಟ್ಟಣಗಳಿಂದ ಆರಂಭಿಸಬಹುದೆಂದು ೨೦೧೩ರ ಪ್ರಾಯೋಗಿಕ ವಿಧಿಯೊಂದು ಹೇಳಿತು. ಹಾಗಾದರೆ ಎರಡೇ ಸುತ್ತುಗಳು ಸಾಕು.

೩೧೩೫ನೆಯ ಪ್ರಬಂಧವು ವಿವರಿಸುವ ಉಪಾಯವು ಬೇರೆ. ದಾರಿಯ ನಡುವೆ ಒಬ್ಬ ಮಧ್ಯಸ್ಥನನ್ನು ನಿಲ್ಲಿಸಿ, ದೂರದ ಯಂತ್ರದ ಪರವಾಗಿ ಅವನೇ ಸ್ವೀಕೃತಿಯನ್ನು ಕೊಡುವಂತೆ ಮಾಡುವುದು. ಇದರಿಂದ ವೇಗವು ಹೆಚ್ಚುವುದು ನಿಜ. ಆದರೆ "ತಲಪಿತು" ಎಂಬ ಮಾತನ್ನು ಹೇಳಿದವನು ತಲಪಿಸಿಕೊಂಡವನಲ್ಲ. ಆ ಮಾತಿನ ಬಳಿಕ ಮಧ್ಯಸ್ಥನ ಯಂತ್ರವು ಕೆಟ್ಟರೆ, ಕಳುಹಿಸಿದವನು ನಿಶ್ಚಿಂತನಾಗಿರುವಾಗಲೇ ಸಂದೇಶವು ನಷ್ಟವಾಗಬಹುದು. ಇಂತಹ ಭರವಸೆಯು ಪೂರ್ಣವಾಗಬೇಕಾದರೆ ಅದು ಕೊನೆಗಳಲ್ಲಿಯೇ ನೆಲಸಬೇಕೆಂದು ಸಾಲ್ಟ್ಜರ್, ರೀಡ್, ಕ್ಲಾರ್ಕ್ ಎಂಬವರು ೧೯೮೪ರಲ್ಲಿಯೇ ಪ್ರತಿಪಾದಿಸಿದ್ದರು. ಮಧ್ಯಸ್ಥನು ಪೊಟ್ಟಣದ ಶಿರೋಭಾಗವನ್ನು ಓದಬೇಕಾದುದರಿಂದ ಗೂಢಲಿಪಿಯ ರಕ್ಷಣೆಗೂ ಇದು ವಿರೋಧಿ. ಈ ದೋಷಗಳನ್ನು ಲೇಖಕರು ಮರೆಮಾಚದೆ ತಾವೇ ವಿಸ್ತಾರವಾಗಿ ಎಣಿಸಿರುವುದು ಅವರ ಪ್ರಾಮಾಣಿಕತೆಗೆ ಭೂಷಣವಾಗಿದೆ.

ಆದುದರಿಂದ ಮೊದಲನೆಯದನ್ನು ಸಾಮಾನ್ಯಧರ್ಮವೆಂದೂ ಎರಡನೆಯದನ್ನು ಆಪದ್ಧರ್ಮವೆಂದೂ ಭಾವಿಸುವುದು ಯುಕ್ತ. ಆಪದ್ಧರ್ಮವು ನಿತ್ಯದ ವಾಡಿಕೆಯಾದರೆ ಮುಂದೆ ತೊಡಕಾಗುವುದು. ೨೦೨೧ರ ಮೇ ತಿಂಗಳಲ್ಲಿ ವಿಧಿಯಾಗಿ ಪ್ರಕಟವಾದ ಕ್ವಿಕ್ ಎಂಬ ಹೊಸ ಸಾಗಣೆಯ ನಿಯಮವು ಸ್ವೀಕೃತಿಯನ್ನೂ ಗೂಢಲಿಪಿಯಲ್ಲಿ ಮುಚ್ಚುವುದರಿಂದ, ಅಲ್ಲಿ ಹಿಂದಿನ ಮಧ್ಯಸ್ಥನ ಕೈ ನಡೆಯದು. ಅವನನ್ನೇ ನೆಚ್ಚಿದ ಉಪಗ್ರಹಮಾರ್ಗಕ್ಕೆ ಹಳೆಯ ವಿಳಂಬವು ಮತ್ತೆ ಎದುರಾಗುವುದು. ಕೊನೆಗಳನ್ನು ತಿದ್ದುವ ಕೆಲಸವು ನಿಧಾನವಾದರೂ ಅದರ ಫಲವು ಹೀಗೆ ಕೈತಪ್ಪುವುದಿಲ್ಲ. ೨೪೮೮ನೆಯ ಪ್ರಬಂಧವು ಇಂದಿಗೂ ವ್ಯಾಸಂಗಕ್ಕೆ ಅರ್ಹವಾಗಿರುವುದು ಈ ಕಾರಣದಿಂದಲೇ.